ಉಸಿರು ಬಿಟ್ಟು ತೆಗೆದ ಅಳತೆ

ಕೋಟಿನ ಗುಂಡಿ ಸೇರುವುದಿಲ್ಲ ಎಂಬ ಕಾರಣಕ್ಕೆ ಹದಿನಾಲ್ಕು ವರ್ಷ ಕೂತ ಜಾಗ ಬಿಟ್ಟು ಏಳಬೇಕಾಗುತ್ತದೆ ಎಂದು ಯಾರಾದರೂ ಹೇಳಿದ್ದರೆ ಪಾಯಿಂಟಕ್ಕ ನಂಬುತ್ತಿರಲಿಲ್ಲ. ನಂಬುವಂತೆ ಮಾಡಿದ್ದು ಪ್ರಯೋಗಾಲಯದ ಬಾಗಿಲಿಗೆ ನಾಲ್ಕನೇ ತಾರೀಖು ಅಂಟಿಸಿದ ಅರ್ಧ ಪುಟದ ಸೂಚನೆ. ಬರುವ ತಿಂಗಳ ಒಂದರಿಂದ, ಆಸಿಡ್ ಬಳಸುವ ಮೇಜಿನ ಮುಂದೆ ಕೂರುವವರ ಕೋಟು ಕುತ್ತಿಗೆಯಿಂದ ಮೊಣಕಾಲಿನವರೆಗೆ ಪೂರ್ತಿ ಮುಚ್ಚಿರಬೇಕು. ತೋಳು ಮಣಿಕಟ್ಟಿಗೆ ಸರಿಯಾಗಿ ನಿಲ್ಲಬೇಕು, ಮಡಚಿರಬಾರದು. ಒಳಗೆ, ಆಸಿಡ್ ತಡೆಯುವ ಬಟ್ಟೆ ಎಂಬ ಲೇಬಲ್ ಇರಬೇಕು. ಮೂರರಲ್ಲಿ ಒಂದು ತಪ್ಪಿದರೂ ಅಂಥವರನ್ನು ಸ್ಯಾಂಪಲ್ ತೆಗೆದುಕೊಳ್ಳುವ ಕೌಂಟರಿಗೆ ಕಳಿಸಲಾಗುವುದು.

ಇಡೀ ನಗರಕ್ಕೆ ಕುಡಿಯುವ ನೀರು ಕಳಿಸುವ ಕೇಂದ್ರ ಅದು. ಪಂಪುಗಳು, ಮರಳಿನ ತೊಟ್ಟಿಗಳು, ಸುಣ್ಣ ಕಲಸುವ ಶೆಡ್ಡು, ಇವೆಲ್ಲದರ ಹಿಂದೆ ಒಂದು ಉದ್ದನೆಯ ಕಟ್ಟಡದಲ್ಲಿ ನೀರನ್ನು ಪರೀಕ್ಷಿಸುವ ಪ್ರಯೋಗಾಲಯ. ಅಲ್ಲಿ ಕಿಟಕಿಯ ಪಕ್ಕದ ಎರಡನೇ ಮೇಜು ಪಾಯಿಂಟಕ್ಕನದು. ಊರಿನಲ್ಲಿ ಕೆಮಿಸ್ಟ್ರಿ ಓದಿ, ಮದುವೆಯಾಗಿ ಗಂಡನ ಹಿಂದೆ ಈ ದೇಶಕ್ಕೆ ಬಂದು ಮೂರು ವರ್ಷ ಮನೆಯಲ್ಲಿದ್ದು, ಆಮೇಲೆ ಸಿಕ್ಕಿದ ಕೆಲಸ. ಗಾಜಿನ ಉದ್ದ ಕೊಳವೆಯಿಂದ ಹನಿ ಹನಿಯಾಗಿ ದ್ರಾವಣ ಬಿಡುತ್ತ, ಕೆಳಗಿನ ನೀರು ದ್ರಾಕ್ಷಿ ಕೆಂಪಿನಿಂದ ನೀಲಿಗೆ ತಿರುಗುವ ಆ ಒಂದು ಹನಿಗೆ ಸರಿಯಾಗಿ ನಿಲ್ಲಿಸುವುದು, ಎಷ್ಟು ಬಿಟ್ಟೆ ಎಂದು ಓದಿ ಬರೆಯುವುದು. ಒಂದು ಹನಿ ಹೆಚ್ಚಾದರೆ ಮತ್ತೆ ಮೊದಲಿಂದ. ಹನ್ನೆರಡು ಅಂದರೆ ಆಕೆಗೆ ಸಮಾಧಾನವಿಲ್ಲ, ಹನ್ನೆರಡು ಪಾಯಿಂಟ್ ಮೂರೋ ನಾಲ್ಕೋ ಎಂದು ಹೇಳಲೇಬೇಕು. ಪಕ್ಕದ ಸೂಕ್ಷ್ಮಜೀವಿ ವಿಭಾಗದಲ್ಲಿ ಕನ್ನಡದವಳೇ ಒಬ್ಬ ಗೆಳತಿ ಇದ್ದಳು, ಕಡ್ಡಿಯಂಥ ಮೈ, ಬಾಯಿ ಮಾತ್ರ ಜೋರು. ಪಾಯಿಂಟಕ್ಕ ಎಂದು ಹೆಸರಿಟ್ಟವಳು ಅವಳೇ. ಅರ್ಥ ಗೊತ್ತಿಲ್ಲದ ಬೇರೆಯವರೂ ಹಾಗೇ ಕರೆಯತೊಡಗಿ ಅದೇ ಗಟ್ಟಿಯಾಯಿತು.

ಸೂಚನೆಗೆ ಕಾರಣ ಬೇರೆ ಯಾರೂ ಅಲ್ಲ, ಪಾಯಿಂಟಕ್ಕನೇ. ಹಿಂದಿನ ತಿಂಗಳು ಆಸಿಡ್ಡನ್ನು ನೀರಿಗೆ ಬೆರೆಸುವಾಗ ಒಂದು ಹನಿ ಸಿಡಿದು, ಕೋಟಿನ ಎರಡು ಅಂಚುಗಳ ನಡುವೆ ಬಾಯಿ ಬಿಟ್ಟುಕೊಂಡಿದ್ದ ಜಾಗದಲ್ಲಿ ಅಂಗಿಯ ಮೇಲೆ ಬಿತ್ತು. ಅಂಗಿಯಲ್ಲಿ ಬಟಾಣಿಯಷ್ಟು ತೂತು, ಹೊಟ್ಟೆಯ ಮೇಲೆ ಸ್ವಲ್ಪ ಕೆಂಪು, ಅಷ್ಟೆ. ತೊಳೆದುಕೊಂಡು ಸುಮ್ಮನಾಗಬಹುದಿತ್ತು. ಆದರೆ ಆದದ್ದನ್ನು ಆದ ಹಾಗೆ ಬರೆಯದಿದ್ದರೆ ಆಕೆಗೆ ಅನ್ನ ಇಳಿಯುವುದಿಲ್ಲ. ರಿಜಿಸ್ಟರಿನಲ್ಲಿ ಸಮಯ, ಹನಿಯ ಗಾತ್ರ, ತೂತಿನ ಅಗಲ, ಕೊನೆಗೆ ‘ಕೋಟು ಮುಚ್ಚಿರಲಿಲ್ಲ, ಮುಚ್ಚುವ ಅಳತೆಯದಲ್ಲ’ ಎಂದು ಬರೆದಳು. ಹೊಸದಾಗಿ ಬಂದಿದ್ದ ಸುರಕ್ಷತಾ ಅಧಿಕಾರಿ ಅದನ್ನು ಓದಿದ.

“ನಿಮ್ಮ ಕೆಲಸದ ಬಗ್ಗೆ ಎರಡು ಮಾತಿಲ್ಲ ಮೇಡಂ,” ಅಂದ ಅವನು. ಕನ್ನಡಕ ಒರೆಸುತ್ತ ಮಾತಾಡುವ, ದನಿ ಎತ್ತದ ಮನುಷ್ಯ. “ಆದರೆ ಆ ಹನಿ ಇನ್ನೊಂದು ಸಲ ಬಿದ್ದು, ದೊಡ್ಡದಾಗಿದ್ದರೆ?”

“ಹಾಗಾದರೆ ಮುಚ್ಚುವ ಕೋಟು ಕೊಡಿಸಿ ಸಾರ್.”

“ಸ್ಟೋರಿನಲ್ಲಿರೋ ಎಲ್ಲಕ್ಕಿಂತ ದೊಡ್ಡ ಕೋಟು ಈಗ ನಿಮ್ಮ ಮೈಮೇಲೇ ಇದೆ. ಹೊರಗೆ ಎಲ್ಲಾದರೂ ಸಿಕ್ಕಿದರೆ ಚೀಟಿ ತನ್ನಿ, ಸಹಿ ಹಾಕ್ತೀನಿ. ತಿಂಗಳು ಮುಗಿಯೋದರೊಳಗೆ.”

ಗೆಳತಿಗೆ ಇದರಲ್ಲಿ ದೊಡ್ಡ ಸಂಕಟವೇನೂ ಕಾಣಲಿಲ್ಲ. “ಕೌಂಟರ್ ಏನು ಕೆಟ್ಟದ್ದಾ ಪಾಯಿಂಟಕ್ಕ? ಕೂತಲ್ಲೇ ಬಾಟಲಿ ಇಸ್ಕೊಂಡು ಚೀಟಿ ಅಂಟಿಸೋದು. ನಾನಾಗಿದ್ರೆ ಕುಣ್ಕೊಂಡು ಹೋಗ್ತಿದ್ದೆ.”

“ಕುಣಿ. ನಿನ್ನ ಕೋಟೊಳಗೆ ಜಾಗಾನೂ ಇದೆ.”

ಮಾತು ಹಾಗೆ ತೇಲಿಸಿದರೂ ಆ ದಿನ ಬಸ್ಸಿನಲ್ಲಿ ಪಾಯಿಂಟಕ್ಕನಿಗೆ ಕಣ್ಣ ಮುಂದೆ ಬಂದದ್ದು ಕೌಂಟರಿನ ಮೇಲಿನ ಚೀಟಿ ಸುರುಳಿ. ಬಾಟಲಿ ಬರುತ್ತದೆ, ಚೀಟಿ ಅಂಟುತ್ತದೆ, ಬಾಟಲಿ ಹೋಗುತ್ತದೆ. ಒಳಗೆ ಏನಿದೆ ಎಂದು ಕಂಡುಹಿಡಿಯುವವರು ಬೇರೆ. ಹದಿನಾಲ್ಕು ವರ್ಷ ತಾನು ಕಂಡುಹಿಡಿದವಳು. ಬಸ್ಸಿಳಿಯುವ ಹೊತ್ತಿಗೆ ನಿರ್ಧಾರವಾಗಿತ್ತು: ಕೋಟು ಸಿಗುತ್ತದೆ. ಇಪ್ಪತ್ತಾರು ದಿನ ಇದೆ.

ಹೀಗೆ ಅಂದುಕೊಳ್ಳುವಾಗ ಆಕೆಗೆ ಈ ದೇಶದ ಬಟ್ಟೆ ಅಂಗಡಿಗಳ ಪರಿಚಯ ಇಲ್ಲದಿರಲಿಲ್ಲ. ಊರಿನಲ್ಲಿ ಇರುವಷ್ಟು ದಿನ ತನ್ನ ಅಳತೆ ಎಂಬ ಒಂದು ಸಂಖ್ಯೆ ಇದೆ ಎನ್ನುವುದೇ ಗೊತ್ತಿರಲಿಲ್ಲ. ಬೀದಿಯ ಕೊನೆಯ ಟೇಲರ್ ಟೇಪು ಹಿಡಿಯುತ್ತಿದ್ದ, ತನ್ನ ಪುಸ್ತಕದಲ್ಲಿ ಏನೋ ಗೀಚುತ್ತಿದ್ದ, ವಾರದಲ್ಲಿ ಬಟ್ಟೆ ಬರುತ್ತಿತ್ತು, ಸರಿಯಾಗಿ ಕೂರುತ್ತಿತ್ತು. ಇಲ್ಲಿ ಮೊದಲು ಸಂಖ್ಯೆ, ಆಮೇಲೆ ಬಟ್ಟೆ. ಬಂದ ಹೊಸದರಲ್ಲಿ ಒಂದು ಅಂಗಡಿಯ ಹುಡುಗಿ ತಲೆಯಿಂದ ಕಾಲಿನವರೆಗೆ ಒಂದು ಸಲ ನೋಡಿ, “ನಿಮಗೆ ಕೆಳಗಡೆ ಮಹಡಿ,” ಅಂದಿದ್ದಳು. ಕೆಳಗಡೆ ಅಂದರೆ ನೆಲಮಾಳಿಗೆ. ಹಾಸಿಗೆ, ದಿಂಬು, ಪರದೆಗಳ ಪಕ್ಕ ದೊಡ್ಡ ಅಳತೆಯ ಬಟ್ಟೆ. ಬಣ್ಣ ಕಪ್ಪು, ಇಲ್ಲವೇ ಕಡುನೀಲಿ, ಅದೂ ಬೇಡ ಅಂದರೆ ಊಟದ ತಟ್ಟೆಯಷ್ಟಗಲದ ಹೂವುಗಳು. ದಪ್ಪಗಿರುವವರಿಗೆ ಹೂವೆಂದರೆ ಪ್ರಾಣ ಎಂದು ಯಾರು ಯಾವಾಗ ತೀರ್ಮಾನಿಸಿದರೋ. ಇನ್ನೊಂದು ತೀರ್ಮಾನ ಇನ್ನೂ ವಿಚಿತ್ರ: ಅಗಲ ಇದ್ದವರೆಲ್ಲ ಉದ್ದವೂ ಇರಬೇಕು. ಸೊಂಟಕ್ಕೆ ಆಗುವ ಅಂಗಿ ಹುಡುಕಿದರೆ ತೋಳು ಬೆರಳ ತುದಿ ದಾಟಿ ನೇತಾಡುತ್ತಿತ್ತು, ಭುಜ ಮೊಣಕೈಗೆ ಇಳಿಯುತ್ತಿತ್ತು. ಪಾಯಿಂಟಕ್ಕನ ಎತ್ತರ ಐದು ಅಡಿ ಒಂದು ಇಂಚು. ಆಮೇಲಾಮೇಲೆ ಆಕೆ ಅಂಗಡಿಯ ಕನ್ನಡಿಯ ಮುಂದೆ ನಿಲ್ಲುವುದನ್ನೇ ಬಿಟ್ಟು, ಗಂಡಸರ ಅಂಗಿ ತಂದು ತೋಳು ಕತ್ತರಿಸಿಕೊಂಡು ಕಾಲ ಹಾಕಿದ್ದಳು.

ಕೋಟಿಗೆ ಆ ಉಪಾಯ ನಡೆಯಲಿಲ್ಲ. ಗಂಡಸರ ಅತಿ ದೊಡ್ಡ ಕೋಟನ್ನು ಸ್ಟೋರಿನವರು ಎಲ್ಲಿಂದಲೋ ತೆಗೆದುಕೊಟ್ಟರು. ಸ್ಟೋರಿನವರು ಅಂದರೆ ಆ ಕೇಂದ್ರದ ಉಗ್ರಾಣ ನೋಡಿಕೊಳ್ಳುವ, ನಾಲ್ಕು ಮಾತಿನ ಜಾಗದಲ್ಲಿ ಒಂದು ಮಾತಾಡುವ ಭಾರಿ ಆಸಾಮಿ. ಕೋಟು ಸೊಂಟಕ್ಕೆ ಹತ್ತಿರ ಹತ್ತಿರ ಬಂತು, ತೋಳು ಮಾತ್ರ ಮೊದಲ ದಿನವೇ ಬೀಕರಿನೊಳಗೆ ಮುಳುಗಿತು. ಬೀದಿ ತಿರುವಿನಲ್ಲಿ ಬಟ್ಟೆ ಸರಿಮಾಡಿಕೊಡುವ ಹೆಂಗಸು, “ತೋಳು ಕತ್ತರಿಸ್ತೀನಿ, ಆದರೆ ಮುಂದೆ ಬಿಡಿಸೋಕೆ ಹೊಲಿಗೆ ಒಳಗೆ ಬಟ್ಟೆ ಮಿಗಿಸೇ ಇಲ್ಲ. ಬೇರೆ ಬಟ್ಟೆ ಪಟ್ಟಿ ಕೊಡಲಾ?” ಅಂದಳು. ಅಧಿಕಾರಿಯನ್ನು ಕೇಳಿದರೆ, ಪಟ್ಟಿ ಆಸಿಡ್ ತಡೆಯುತ್ತದೆ ಎನ್ನುವುದಕ್ಕೆ ಲೇಬಲ್ ಎಲ್ಲಿ ಎಂದ. ಅವನ ಮಾತೂ ನ್ಯಾಯವೇ.

ಸರಿ, ಹೊಸದೇ ತರಿಸುವುದು. ಪಾಯಿಂಟಕ್ಕ ಒಂದು ನೋಟ್‌ಬುಕ್ ತೆಗೆದು ಗೆರೆ ಹೊಡೆದು ಕೋಷ್ಟಕ ಮಾಡಿದಳು. ಎದೆ, ಹೊಟ್ಟೆ, ಸೊಂಟ, ತೋಳು. ಪ್ರತಿಯೊಂದನ್ನೂ ಮೂರು ಸಲ ಅಳೆದು ಸರಾಸರಿ. ಹೊಟ್ಟೆಯ ಸುತ್ತ ನೂರಾ ಇಪ್ಪತ್ತೊಂದು ಪಾಯಿಂಟ್ ಸೊನ್ನೆ ಸೆಂಟಿಮೀಟರ್. ಐದು ಕಂಪನಿಗಳ ಅಳತೆ ಪಟ್ಟಿಯನ್ನು ಪಕ್ಕಪಕ್ಕ ಬರೆದುಕೊಂಡಾಗ, ಅದೇ ಒಬ್ಬ ಹೆಂಗಸು ಒಂದು ಕಡೆ ಇಪ್ಪತ್ತಾರನೇ ಸೈಜು, ಒಂದು ಕಡೆ ಮೂವತ್ತು, ಇನ್ನೊಂದು ಕಡೆ ಬರೀ ‘ದೊಡ್ಡದಕ್ಕಿಂತ ದೊಡ್ಡದು’ ಎಂದಾಯಿತು.

“ಕಂಪನಿಗೊಂದು ಅಳತೆಗೋಲು ಇದ್ರೆ ಅದನ್ನ ಅಳತೆ ಅಂತ ಯಾಕ್ರೀ ಕರೀಬೇಕು?” ಎಂದು ಗಂಡನನ್ನು ಕೇಳಿದಳು.

ಗಂಡ ಲಿಫ್ಟ್ ರಿಪೇರಿಯವನು. “ನಮ್ಮ ಲಿಫ್ಟಲ್ಲಿ ಹದಿಮೂರು ಜನ ಅಂತ ಬರೆದಿರ್ತಾರೆ. ಯಾವ ಹದಿಮೂರು ಜನ ಅಂತ ಇವತ್ತಿನವರೆಗೂ ಯಾರೂ ಹೇಳಿಲ್ಲ,” ಅಂದ.

ಮೊದಲ ಕೋಟು ಒಂಬತ್ತನೇ ತಾರೀಖು ಬಂತು. ಪಟ್ಟಿಯ ಪ್ರಕಾರ ಆಗಲೇಬೇಕಿತ್ತು. ಎರಡು ಬೆರಳಷ್ಟು ಸೇರಲಿಲ್ಲ. ವಾಪಸು ಕಳಿಸಿ, ಬೇರೆ ಕಂಪನಿಯಿಂದ ಎಲ್ಲಕ್ಕಿಂತ ದೊಡ್ಡದನ್ನು ತರಿಸಿದಳು. ಅದು ಹದಿನಾಲ್ಕನೇ ತಾರೀಖು ಸಂಜೆ ಬಂತು. ಬಂದ ಕೂಡಲೇ ಊಟದ ಮೇಜಿನ ಪಕ್ಕ ನಿಂತು ಹಾಕಿಕೊಂಡಳು. ಟಿಚ್ ಬಟನ್‌ಗಳು ಒಂದೊಂದೇ ಸೇರಿದವು. ಗಂಡ ತಲೆಯಾಡಿಸಿದ. ಪಾಯಿಂಟಕ್ಕ ಗೆದ್ದವಳ ಹಾಗೆ ಕುರ್ಚಿಯ ಮೇಲೆ ಕೂತಳು.

ಟಕ್. ಟಕ್. ಟಕ್.

“ಮೂರು,” ಅಂದ ಗಂಡ.

“ಎಣಿಸಬೇಡಿ.”

“ಇಲ್ಲ, ನಾಲ್ಕನೇದು ಇನ್ನೂ ಹಿಡ್ಕೊಂಡಿದೆ, ಪಾಪ.”

ಪಾಯಿಂಟಕ್ಕ ನಗಲಿಲ್ಲ. ಎದ್ದು ಟೇಪು ತಂದಳು. ಪಟ್ಟಿಯಲ್ಲಿ ನೂರಾ ಇಪ್ಪತ್ತೇಳಕ್ಕೆ ಆಗುವ ಕೋಟು ಎಂದಿದೆ, ತನ್ನದು ನೂರಾ ಇಪ್ಪತ್ತೊಂದು. ಆರು ಸೆಂಟಿಮೀಟರ್ ಬಿಡುವು ಎಲ್ಲಿ ಹೋಯಿತು? ಒಂದೋ ಕಂಪನಿ ಸುಳ್ಳು ಹೇಳುತ್ತಿದೆ, ಇಲ್ಲವೇ ಟೇಪು. ಟೇಪನ್ನು ಉಕ್ಕಿನ ಸ್ಕೇಲಿನ ಪಕ್ಕ ಇಟ್ಟು ನೋಡಿದಳು, ಟೇಪು ಸರಿಯಾಗಿತ್ತು. ಕೋಟನ್ನು ಮೇಜಿನ ಮೇಲೆ ಹರಡಿ ಅಳೆದಳು, ಕಂಪನಿಯೂ ಸರಿಯಾಗಿತ್ತು.

“ಹಿಂದೆ ತುದಿ ಹಿಡ್ಕೊಳ್ಳಿ, ಇನ್ನೊಂದು ಸಲ ನೋಡೋಣ,” ಅಂದಳು.

ಗಂಡ ಹಿಡಿದ. “ಉಸಿರು ಬಿಡು,” ಅಂದ.

“ಬಿಟ್ಟಿದ್ದೀನಿ.”

“ಬಿಟ್ಟಿದ್ರೆ ಮಾತು ಹೀಗೆ ಕಿರುಗುಟ್ಟಲ್ಲ. ಟೇಪು ಮುಟ್ಟಿದ ಕೂಡಲೇ ನಿನ್ನ ಹೊಟ್ಟೆ ಒಳಗೆ ಓಡುತ್ತೆ. ಇವತ್ತಲ್ಲ, ಆವತ್ತು ಅಳೆದಾಗಲೂ ನೋಡಿದೆ.”

“ನೋಡಿದ್ದವರು ಹೇಳೋಕೇನಾಗಿತ್ತು? ಹದಿನೇಳು ವರ್ಷದಿಂದ ಪ್ರತಿಯೊಂದಕ್ಕೂ ಬಾಯಿ ಹಾಕ್ತೀರಿ, ಉಪ್ಪು ಕಮ್ಮಿ ಅಂತೀರಿ, ಫ್ಯಾನು ಜೋರು ಅಂತೀರಿ, ಇದೊಂದು ವಿಷಯದಲ್ಲಿ ಮಾತ್ರ ನಿಮ್ಮ ನಾಲಿಗೆಗೆ ಏನು…”

“ನೂರಾ ಇಪ್ಪತ್ತಾರೂವರೆ,” ಅಂದ ಗಂಡ. ಆಕೆ ಬೈಯುತ್ತಿರುವಾಗಲೇ ಟೇಪು ಸುತ್ತಿ ಓದಿಬಿಟ್ಟಿದ್ದ. “ಈಗ ಕೂತ್ಕೊಂಡು ಬೈಯಿ.”

ಕೂತು ಬೈದಾಗ ನೂರಾ ಮೂವತ್ತೊಂದು ಪಾಯಿಂಟ್ ಐದು ಆಯಿತು.

“ಲಿಫ್ಟಿನ ಬಾಗಿಲಿಗೂ ಚೌಕಟ್ಟಿಗೂ ನಡುವೆ ಸಂದು ಬಿಟ್ಟೇ ಅಳೀತೀವಿ,” ಅಂದ ಅವನು, ಮೆಲ್ಲಗೆ. “ಬಿಗಿಯಾಗಿ ಅಳೆದ್ರೆ ಬಾಗಿಲು ಚೆನ್ನಾಗೇನೋ ಕಾಣುತ್ತೆ. ಮುಚ್ಚಲ್ಲ.”

ಪಾಯಿಂಟಕ್ಕ ನೋಟ್‌ಬುಕ್ ತೆರೆದು ಬಹಳ ಹೊತ್ತು ನೋಡಿದಳು. ಹತ್ತೂವರೆ ಸೆಂಟಿಮೀಟರ್ ವ್ಯತ್ಯಾಸ. ಪ್ರಯೋಗಾಲಯಕ್ಕೆ ಹೊಸದಾಗಿ ಬಂದವರಿಗೆ, ಕೊಳವೆಯ ಗೆರೆಯನ್ನು ಕಣ್ಣಿನ ಮಟ್ಟದಲ್ಲಿಟ್ಟು ಓದಬೇಕು, ಮೇಲಿಂದ ನೋಡಿದರೆ ಪ್ರತಿ ಸಲವೂ ಒಂದೇ ಕಡೆಗೆ ತಪ್ಪುತ್ತದೆ, ಅಂಥ ತಪ್ಪು ನೂರು ಸಲ ಅಳೆದು ಸರಾಸರಿ ಮಾಡಿದರೂ ಹೋಗುವುದಿಲ್ಲ ಎಂದು ಪಾಠ ಹೇಳುವವಳು ತಾನು. ತನ್ನ ಮೈಯನ್ನು ಅಳೆಯುವಾಗ ಮೂರು ಸಲವೂ ಅದೇ ತಪ್ಪು ಮಾಡಿ, ಅದಕ್ಕೆ ಪಾಯಿಂಟ್ ಸೊನ್ನೆ ಬೇರೆ ಸೇರಿಸಿದ್ದಳು.

ಎಲ್ಲಿಂದ ಬಂತು ಈ ಅಭ್ಯಾಸ ಎನ್ನುವುದಕ್ಕೆ ಹೆಚ್ಚು ಹುಡುಕಬೇಕಾಗಲಿಲ್ಲ. ಹನ್ನೊಂದು ವರ್ಷದವಳಿರುವಾಗಲೇ ಮೈ ತುಂಬಿಕೊಂಡಿತ್ತು. ಟೇಲರ್ ಟೇಪು ಹಿಡಿದು ಬರುವಾಗ ಅಮ್ಮ ಬೆನ್ನಿಗೆ ಬೆರಳಿಂದ ಚುಚ್ಚಿ, “ಹೊಟ್ಟೆ ಒಳಗೆ ತಗೋ, ನೋಡಿದವರು ಏನಂದ್ಕೋತಾರೆ,” ಅನ್ನುತ್ತಿದ್ದಳು. ಅವಳು ತಗೊಳ್ಳುತ್ತಿದ್ದಳು. ಟೇಲರ್ ಏನೂ ಅಂದುಕೊಳ್ಳುತ್ತಿರಲಿಲ್ಲ. ಟೇಪು ತೋರಿಸಿದ್ದನ್ನು ಬರೆದುಕೊಂಡು, ಹೊಲಿಯುವಾಗ ತನ್ನ ಕಣ್ಣಂದಾಜಿಗೆ ನಾಲ್ಕು ಇಂಚು ಸೇರಿಸಿ ಹೊಲಿಯುತ್ತಿದ್ದ. ಬಟ್ಟೆ ಸರಿಯಾಗಿ ಕೂರುತ್ತಿದ್ದದ್ದಕ್ಕೆ ಕಾರಣ ತನ್ನ ಅಳತೆಯಲ್ಲ, ಅವನ ದಾಕ್ಷಿಣ್ಯ ಎಂದು ಮೂವತ್ತಮೂರು ವರ್ಷದ ಮೇಲೆ, ಸಮುದ್ರದ ಈಚೆ, ಊಟದ ಮೇಜಿನ ಮುಂದೆ ಪಾಯಿಂಟಕ್ಕನಿಗೆ ಹೊಳೆಯಿತು. ಇಲ್ಲಿ ಸೇರಿಸುವವರು ಯಾರೂ ಇರಲಿಲ್ಲ. ಹೇಳಿದಷ್ಟೇ ಬರುತ್ತಿತ್ತು.

ಹಳೆಯ ಕೋಷ್ಟಕಕ್ಕೆ ಅಡ್ಡಗೆರೆ ಎಳೆದು ಹೊಸದು ಬರೆದಳು. ಮೂರು ಕಾಲಂ: ನಿಂತು, ಕೂತು, ಕೈ ಮುಂದೆ ಚಾಚಿ. ಸರಾಸರಿ ಬೇಡ, ಮೂರರಲ್ಲಿ ದೊಡ್ಡದು ಯಾವುದೋ ಅದೇ ಲೆಕ್ಕ. ಕೋಟು ಹಾಕಿಕೊಂಡು ಮಾಡುವ ಕೆಲಸ ಹೇಗೋ ಅಳತೆಯೂ ಹಾಗೇ.

ಮರುದಿನ ಕೋಟು ಮಾಡುವ ಕಂಪನಿಗೆ ಫೋನ್ ಮಾಡಿದಳು. ಅಲ್ಲಿ ಸಿಕ್ಕಿದ ಹೆಂಗಸಿಗೆ ಹೊಸ ಸಂಖ್ಯೆಗಳನ್ನು ಒಂದೊಂದಾಗಿ, ನಿಧಾನವಾಗಿ ಹೇಳಿದಳು. ಮೊದಲ ಸಂಖ್ಯೆ ಹೇಳುವಾಗ ದನಿ ತಗ್ಗಿತು. ಎರಡನೆಯದಕ್ಕೆ ಸರಿಹೋಯಿತು.

“ಈ ಸೊಂಟಕ್ಕೆ ಈ ತೋಳು ನಮ್ಮಲ್ಲಿ ರೆಡಿ ಇಲ್ಲ,” ಅಂದಳು ಆ ಹೆಂಗಸು. “ಅಳತೆ ಕೊಟ್ಟರೆ ಹೊಲಿದುಕೊಡ್ತೀವಿ, ಲೇಬಲ್ ಸಮೇತ. ಆದರೆ ಒಂದೆರಡಕ್ಕೆಲ್ಲ ಮೆಷಿನ್ ಹಚ್ಚಲ್ಲ. ಹತ್ತಾದರೂ ಇರಬೇಕು.”

“ಹತ್ತೂ ಒಂದೇ ಅಳತೆ ಆಗಬೇಕಾ?”

“ಬೇಡ. ಹತ್ತು ಜನದ ಹತ್ತು ಅಳತೆ ಆದರೂ ಸರಿ. ಹತ್ತೊಂಬತ್ತನೇ ತಾರೀಖು ಮಧ್ಯಾಹ್ನದೊಳಗೆ ಕೈಗೆ ಬಂದರೆ ಇಪ್ಪತ್ತೊಂಬತ್ತಕ್ಕೆ ತಲುಪಿಸ್ತೀವಿ.”

ಆವತ್ತು ಹದಿನೈದು. ಇನ್ನೂ ಒಂಬತ್ತು ಜನ ಬೇಕು. ಫೋನ್ ಇಟ್ಟವಳೇ ಪಾಯಿಂಟಕ್ಕ ಕಿಟಕಿಯ ಹೊರಗೆ ನೋಡಿದಳು. ಮರಳಿನ ತೊಟ್ಟಿಗಳ ನಡುವೆ ಜನ ಓಡಾಡುತ್ತಿದ್ದರು. ಇಷ್ಟು ವರ್ಷ ಕಂಡೂ ಕಾಣದಿದ್ದದ್ದು ಆಗ ಕಂಡಿತು: ಎಷ್ಟೊಂದು ಕೋಟುಗಳು ಬಾಯಿ ತೆರೆದೇ ಇವೆ. ಪಂಪು ಮನೆಯ ಮೇಸ್ತ್ರಿಯದು ಪರದೆಯ ಹಾಗೆ ಎರಡೂ ಕಡೆ ಹಾರುತ್ತಿತ್ತು. ಕ್ಯಾಂಟೀನಿನ ಅಡುಗೆಯವರು ಮೇಲಿನ ಒಂದೇ ಗುಂಡಿ ಹಾಕಿ, ಕೆಳಗೆ ಏಪ್ರನ್ನಿನಿಂದ ಮುಚ್ಚಿಕೊಂಡಿದ್ದರು. ಸ್ಟೋರಿನವರ ಕೋಟಿನಲ್ಲಿ ಗುಂಡಿಗಳೇ ಇರಲಿಲ್ಲ, ಯಾವತ್ತೋ ಕಿತ್ತುಹೋಗಿದ್ದವು.

ಅಧಿಕಾರಿ ಎರಡೇ ಪ್ರಶ್ನೆ ಕೇಳಿದ. ಬಟ್ಟೆ ಅದೇ ತಾನೇ? ಹತ್ತು ಆಗುತ್ತದಾ? ಮೊದಲನೆಯದಕ್ಕೆ ಹೌದು ಎಂದಳು, ಎರಡನೆಯದಕ್ಕೆ “ಆಗಿಸ್ತೀನಿ,” ಎಂದಳು.

“ಗುಟ್ಟಾಗಿ ಮಾಡು ಪಾಯಿಂಟಕ್ಕ,” ಎಂದು ಗೆಳತಿ ಸಲಹೆ ಕೊಟ್ಟಳು. “ಜನ ಸಂಬಳ ಎಷ್ಟು ಅಂದ್ರೂ ಹೇಳ್ತಾರೆ, ಸೊಂಟ ಎಷ್ಟು ಅಂದ್ರೆ ಮುಖ ತಿರುಗಿಸ್ತಾರೆ. ಒಂದು ಡಬ್ಬಿ ಇಡು. ಚೀಟಿ ಹಾಕಲಿ.”

ಹಾಗೇ ಮಾಡಿದಳು. ರಟ್ಟಿನ ಡಬ್ಬಿಗೆ ಸೀಳು ಮಾಡಿ ಸ್ಟೋರಿನ ಬಾಗಿಲ ಪಕ್ಕ ಇಟ್ಟು, ‘ಸರಿಯಾಗಿ ಆಗದ ಕೋಟು ಇರುವವರು ಅಳತೆ ಬರೆದು ಹಾಕಿ, ಹೆಸರು ಗುಟ್ಟಾಗಿರುತ್ತದೆ’ ಎಂದು ಬರೆದಳು. ಹದಿನಾರರ ಸಂಜೆ ತೆರೆದರೆ ಒಳಗೆ ಒಂದೇ ಚೀಟಿ: ‘ಕೋಟು ಬೇಡ, ಕ್ಯಾಂಟೀನಿನ ಟೀ ಸ್ವಲ್ಪ ಬಿಸಿ ಮಾಡಿಸಿ.’

ಡಬ್ಬಿಯನ್ನು ಕಂಕುಳಲ್ಲಿಟ್ಟುಕೊಂಡು ಮೇಜಿಗೆ ವಾಪಸು ಬರುವಾಗ ಆಕೆಗೆ ತಪ್ಪು ಎಲ್ಲಿದೆ ಎಂದು ತಿಳಿಯಿತು. ಎಲ್ಲರೂ ಅಡಗಿಸಿಡಿ ಎಂದು ತಾನೇ ಬರೆದಿಟ್ಟು, ಯಾರೂ ಹೊರಗೆ ಹೇಳಲಿಲ್ಲ ಎಂದು ಕೊರಗಿದರೆ ಆಗುತ್ತದೆಯೇ. ಒಂದು ದೊಡ್ಡ ಹಾಳೆ ತೆಗೆದು, ಮೇಲೆ ‘ಸರಿಯಾಗಿ ಆಗದ ಕೋಟು ಇರುವವರು’ ಎಂದು ಬರೆದು ಕೋಷ್ಟಕ ಹಾಕಿದಳು. ನಿಂತು, ಕೂತು, ಕೈ ಚಾಚಿ. ಮೊದಲ ಸಾಲಿನಲ್ಲಿ ತನ್ನ ಹೆಸರು. ಎದೆಯ ಅಳತೆ ಬರೆದಳು. ಹೊಟ್ಟೆಯ ಅಳತೆಯಲ್ಲಿ ‘ಕೂತು’ ಕಾಲಂಗೆ ಬಂದಾಗ ಪೆನ್ನು ನಿಂತಿತು. ನೂರಾ ಮೂವತ್ತು ಎಂದು ಬರೆದರೂ ನಡೆಯುತ್ತಿತ್ತು, ಒಂದೂವರೆ ಸೆಂಟಿಮೀಟರಿನಿಂದ ಆಕಾಶವೇನೂ ಬೀಳುವುದಿಲ್ಲ. ಕೌಂಟರಿನ ಚೀಟಿ ಸುರುಳಿ ನೆನಪಾಯಿತು. 131.5 ಎಂದು ಬರೆದು, ಹದಿನೇಳರ ಬೆಳಿಗ್ಗೆ ಸ್ಟೋರಿನ ಹೊರಗಿನ ಬೋರ್ಡಿಗೆ, ಎಲ್ಲರೂ ನೋಡುವ ಎತ್ತರಕ್ಕೆ, ನಾಲ್ಕು ಪಿನ್ನು ಚುಚ್ಚಿದಳು. ಆಮೇಲೆ ಅಲ್ಲಿಂದ ಓಡಿಹೋಗದೆ, ಟೇಪು ಹೆಗಲ ಮೇಲೆ ಹಾಕಿಕೊಂಡು ಪಕ್ಕದಲ್ಲೇ ನಿಂತಳು. ಟೀ ವಿರಾಮ ಹದಿನೈದು ನಿಮಿಷ.

ಪಂಪು ಮನೆಯ ಮೇಸ್ತ್ರಿ ಬಂದು ಓದಿದ. ಹಿಂದೆ ಅವನ ಕಡೆಯವರು ನಾಲ್ಕು ಜನ. “ಅಬ್ಬಾ, ಇದು ನಮ್ಮ ಎರಡನೇ ಟ್ಯಾಂಕಿನ ಸುತ್ತಳತೆ ಅಲ್ವಾ?” ಅಂದ. ನಾಲ್ವರೂ ನಕ್ಕರು.

“ಅಲ್ಲ,” ಅಂದಳು ಪಾಯಿಂಟಕ್ಕ. “ಎರಡನೇ ಟ್ಯಾಂಕು ನಲವತ್ತೇಳು ಪಾಯಿಂಟ್ ಒಂದು ಮೀಟರ್. ರಿಜಿಸ್ಟರಲ್ಲಿದೆ. ನಿಮ್ಮದು ಎಷ್ಟು?”

“ನಂದಾ?”

“ರಿಜಿಸ್ಟರಲ್ಲಿ ಇಲ್ಲ, ಅದಕ್ಕೇ ಕೇಳಿದೆ.”

ಈ ಸಲ ನಾಲ್ವರು ನಕ್ಕದ್ದು ಮೇಸ್ತ್ರಿಯನ್ನು ನೋಡಿ. ಅವನು ಏನೋ ಹೇಳಲು ಬಾಯಿ ತೆರೆಯುವಷ್ಟರಲ್ಲಿ ಸ್ಟೋರಿನ ಬಾಗಿಲು ತೆರೆಯಿತು. ಸ್ಟೋರಿನವರು ಹೊರಗೆ ಬಂದು ಹಾಳೆಯನ್ನು ಮೇಲಿಂದ ಕೆಳಗೆ ಓದಿದರು. ಗುಂಡಿಯಿಲ್ಲದ ಕೋಟನ್ನು ಬಿಚ್ಚಿ ಮೇಸ್ತ್ರಿಯ ಕೈಗೆ ಕೊಟ್ಟು, ಎರಡೂ ಕೈ ಪಕ್ಕಕ್ಕೆತ್ತಿ ನಿಂತರು.

“ಅಳೀರಿ,” ಅಂದರು.

ಪಾಯಿಂಟಕ್ಕ ಟೇಪು ಸುತ್ತಿದಳು. ಸುತ್ತಿದ ಕೂಡಲೇ ಆ ಭಾರಿ ಹೊಟ್ಟೆ ಮೆಲ್ಲಗೆ ಒಳಗೆ ಸರಿಯಿತು. ಮುಖದ ಮೇಲೆ ಏನೂ ಇಲ್ಲ, ಹೊಟ್ಟೆ ಮಾತ್ರ ಹೋಗಿಬಿಟ್ಟಿತ್ತು. ಆಕೆಗೆ ನಗು ಬಂದರೂ ನಗಲಿಲ್ಲ.

“ಸ್ಟೋರಲ್ಲಿ ಏನೇನಿದೆ, ಒಂದು ಕಡೆಯಿಂದ ಹೇಳಿ.”

“ಈಗ ಯಾಕೆ?”

“ಹೇಳಿ, ನನಗೆ ಬೇಕು.”

ಮಾತೇ ಆಡದ ಮನುಷ್ಯ ಕೈಗವಸು, ಫನಲ್ಲು, ಕನ್ನಡಕ, ಸೋಸುವ ಕಾಗದ ಎಂದು ಶುರುಮಾಡಿ, ಮೂರನೇ ಕಪಾಟಿಗೆ ಬರುವಷ್ಟರಲ್ಲಿ ಹೊಟ್ಟೆ ತನ್ನ ಜಾಗಕ್ಕೆ ವಾಪಸು ಬಂದಿತ್ತು. ನೂರಾ ನಲವತ್ತು ಪಾಯಿಂಟ್ ಎರಡು. ತನ್ನ ಸಂಖ್ಯೆಯ ಕೆಳಗೆ ಅದನ್ನು ಬರೆಯುವಾಗ ಮೇಸ್ತ್ರಿ ಸೀಟಿ ಹೊಡೆದ. ಸ್ಟೋರಿನವರು ಅವನ ಕಡೆ ನೋಡಿ, ತಮ್ಮ ಕೋಟನ್ನು ವಾಪಸು ಇಸಿದುಕೊಂಡು, “ನೀನು,” ಅಂದರು. ಮೇಸ್ತ್ರಿ ಮೂರನೆಯವನಾದ.

ಆಮೇಲೆ ಅಳತೆ ತೆಗೆಯುವುದಕ್ಕೆ ಅದೇ ಪದ್ಧತಿಯಾಯಿತು. ಟೇಪು ಸುತ್ತುವ ಮೊದಲು ಒಂದು ಪ್ರಶ್ನೆ, ಉತ್ತರದ ನಡುವೆ ಅಳತೆ. ಉಸಿರು ಹಿಡಿದುಕೊಂಡು ಹೆಚ್ಚು ಹೊತ್ತು ಮಾತಾಡಲು ಯಾರಿಂದಲೂ ಆಗುವುದಿಲ್ಲ. ಮೇಸ್ತ್ರಿಯನ್ನು ಯಾವ ಪಂಪು ಹೆಚ್ಚು ಕೈಕೊಡುತ್ತದೆ ಎಂದು ಕೇಳಿದರೆ ಅವನು ನಿಲ್ಲಿಸಲೇ ಇಲ್ಲ, ಮೂರು ಕಾಲಮ್ಮೂ ತುಂಬಿದ ಮೇಲೂ ಮುಂದುವರಿಸಿದ. ಕ್ಯಾಂಟೀನಿನ ಅಡುಗೆಯವರನ್ನು ಟೀ ಯಾಕೆ ತಣ್ಣಗಿರುತ್ತದೆ ಎಂದು ಕೇಳಿದಾಗ ಅವರು ಸಿಟ್ಟಿನಲ್ಲಿ ಕೊಟ್ಟ ಅಳತೆ ಎಲ್ಲಕ್ಕಿಂತ ನಿಖರವಾಗಿತ್ತು. ಲಾರಿ ಓಡಿಸುವ ಹೆಂಗಸೊಬ್ಬಳು ಬಾಗಿಲ ಬಳಿ ಎರಡು ಸಲ ಬಂದು ಎರಡು ಸಲವೂ ತಿರುಗಿ ಹೋದಳು. ಮೂರನೇ ಸಲ ಬಂದಾಗ ಪಾಯಿಂಟಕ್ಕ ಹೆಸರು ಕೇಳದೆ ಟೇಪನ್ನು ಆಕೆಯ ಕೈಗೇ ಕೊಟ್ಟು, “ಮೊದಲು ನನ್ನದು ಸರಿಯಾಗಿದೆಯಾ ನೋಡಿ, ಡೌಟಿದೆ,” ಅಂದಳು. ಆಕೆ ಅಳೆದು, “ಸರಿಯಾಗೇ ಇದೆ,” ಅಂದು, ಟೇಪು ವಾಪಸು ಕೊಡುತ್ತ ತಾನೂ ಕೈ ಎತ್ತಿದಳು.

ಹದಿನೆಂಟರ ಸಂಜೆಗೆ ಒಂಬತ್ತು ಸಾಲು ತುಂಬಿದವು. ಹತ್ತನೆಯದು ಖಾಲಿ. ಕೇಂದ್ರದಲ್ಲಿ ದಪ್ಪಗಿದ್ದವರೆಲ್ಲ ಮುಗಿದಿದ್ದರು. ಉಳಿದ ಒಬ್ಬ ಗುಮಾಸ್ತ ತನಗೆ ಕೋಟೇ ಇಲ್ಲ ಎಂದು ಕೈಯಾಡಿಸಿದ. “ನನ್ನ ಹೆಸರು ಹಾಕ್ಕೋ,” ಅಂದಳು ಗೆಳತಿ.

“ನಿನ್ನ ಕೋಟು ನಿನಗೆ ಆಗುತ್ತೆ. ಸುಳ್ಳು ಸಾಲು ಬೇಡ.”

“ಒಂದು ಸಾಲಿಗೋಸ್ಕರ ಒಂಬತ್ತು ಜನರನ್ನ ಬಿಡ್ತೀಯಾ? ನಿನ್ನನ್ನೂ ಸೇರಿಸಿ?”

“ನಾಳೆ ಮಧ್ಯಾಹ್ನದವರೆಗೆ ಟೈಮಿದೆ.”

ಹತ್ತೊಂಬತ್ತರ ಬೆಳಿಗ್ಗೆ ಎಂಟಕ್ಕೆ ಸುಣ್ಣದ ಶೆಡ್ಡಿನಿಂದ ಸ್ಯಾಂಪಲ್ ತರುವ ಏಣಿ ಬಂದ. ಆರಡಿ ಐದಂಗುಲದ ಸಣಕಲನಿಗೆ ಎಲ್ಲರೂ ಇಟ್ಟ ಹೆಸರು. ಬಾಟಲಿಯನ್ನು ಮೇಜಿನ ಮೇಲಿಡಲು ಅವನು ಕೈ ಚಾಚಿದಾಗ ಪಾಯಿಂಟಕ್ಕ ಬಾಟಲಿಯನ್ನು ನೋಡಲಿಲ್ಲ, ಕೈಯನ್ನು ನೋಡಿದಳು. ಕೋಟಿನ ತೋಳು ಮಣಿಕಟ್ಟಿಗಿಂತ ಒಂದು ಗೇಣು ಮೇಲೆ ನಿಂತಿತ್ತು. ಕೆಳಗಿನ ಚರ್ಮದ ಮೇಲೆ ಸುಣ್ಣ ಸುಟ್ಟ ಹಳೆಯ ಕಲೆಗಳು, ಒಂದರ ಮೇಲೊಂದು.

“ಈ ಕೈ ಯಾಕೆ ಹೀಗಾಗಿದೆ?”

“ಇದಾ? ಕೋಟು ಇಷ್ಟೇ ಬರೋದಲ್ವಾ ಅಕ್ಕ. ಅಭ್ಯಾಸ ಆಗಿದೆ.”

“ಹೊರಗೆ ಪಟ್ಟಿ ಹಾಕಿದ್ದೀನಿ, ನೋಡಲಿಲ್ವಾ?”

“ನೋಡಿದೆ. ಅದು ದಪ್ಪಗಿರೋರಿಗೆ ಅಂತ…” ಎಂದವನು ನಾಲಿಗೆ ಕಚ್ಚಿಕೊಂಡ.

“ದಪ್ಪ ಅಂತ ಎಲ್ಲಿ ಬರೆದಿದೆ? ಸರಿಯಾಗಿ ಆಗದ ಕೋಟು ಅಂತ ಬರೆದಿದೆ,” ಅಂದಳು ಪಾಯಿಂಟಕ್ಕ. ಅಂದ ಮೇಲೆ, ತಾನೂ ಎರಡು ದಿನ ದಪ್ಪಗಿರುವವರನ್ನಷ್ಟೇ ಹುಡುಕಿದ್ದು ನೆನಪಾಗಿ ಸ್ವಲ್ಪ ನಾಚಿಕೆಯಾಯಿತು. “ಬಗ್ಗು, ಭುಜ ಸಿಗ್ತಿಲ್ಲ.”

ಅವನ ತೋಳನ್ನು ಅಳೆಯಲು ಸ್ಟೂಲಿನ ಮೇಲೆ ಹತ್ತಬೇಕಾಯಿತು. ಹನ್ನೊಂದು ಇಪ್ಪತ್ತಕ್ಕೆ ಅಧಿಕಾರಿ ಹಾಳೆಯ ಮೂರು ಕಾಲಮ್ಮುಗಳನ್ನೂ ಬೆರಳಿಟ್ಟು ಓದಿ, ಕನ್ನಡಕ ಒರೆಸಿ, ಸಹಿ ಹಾಕಿದ.

ಇಪ್ಪತ್ತೊಂಬತ್ತಕ್ಕೆ ಪಾರ್ಸೆಲ್ ಬರಲಿಲ್ಲ. ಪಾಯಿಂಟಕ್ಕ ಕಂಪನಿಗೆ ಮೂರು ಸಲ ಫೋನ್ ಮಾಡಿದಳು, ನಾಲ್ಕನೇ ಸಲ ಅಲ್ಲಿಯ ಹೆಂಗಸು ಆಕೆಯ ದನಿ ಕೇಳಿದ ಕೂಡಲೇ “ಲಾರಿ ಹೊರಟಿದೆ,” ಅಂದಳು. ಮೂವತ್ತರ ಮಧ್ಯಾಹ್ನ ಮೂರಕ್ಕೆ ರಟ್ಟಿನ ಪೆಟ್ಟಿಗೆ ಸ್ಟೋರಿಗೆ ಬಂತು. ಸ್ಟೋರಿನವರು ಒಂದೊಂದು ಕೋಟನ್ನೂ ಮಡಿಕೆ ಬಿಡಿಸಿ, ಹೆಸರು ಓದಿ ಕೊಟ್ಟರು. ತಮ್ಮದನ್ನು ಎಲ್ಲರೂ ಹೋದ ಮೇಲೆ ಹಾಕಿಕೊಂಡು, ಆರು ಗುಂಡಿಗಳನ್ನೂ ಒತ್ತಿ, ಆಮೇಲೆ ಕೈಗಳನ್ನು ಎಲ್ಲಿಡಬೇಕೆಂದು ತಿಳಿಯದವರ ಹಾಗೆ ಸ್ವಲ್ಪ ಹೊತ್ತು ನಿಂತಿದ್ದರಂತೆ. ಗೆಳತಿ ಕಿಟಕಿಯಿಂದ ನೋಡಿದಳು.

ಒಂದನೇ ತಾರೀಖು ಬೆಳಿಗ್ಗೆ ಎಂಟೂವರೆಗೆ ಅಧಿಕಾರಿ ತಪಾಸಣೆಯ ಹಾಳೆ ಹಿಡಿದು ಬಂದ. ಪಾಯಿಂಟಕ್ಕ ಎದ್ದು ನಿಂತಳು. ಆರು ಗುಂಡಿಯೂ ಸೇರಿದ್ದವು. ಅವನು ಗುರುತು ಹಾಕಿದ. ತೋಳು ಮಣಿಕಟ್ಟಿನ ಮೂಳೆಗೆ ಸರಿಯಾಗಿ ಬಂದಿತ್ತು. ಗುರುತು. ಕಾಲರಿನ ಒಳಗೆ ಲೇಬಲ್. ಗುರುತು.

“ಆಯ್ತು ಮೇಡಂ.”

“ಇನ್ನೂ ಆಗಿಲ್ಲ ಸಾರ್. ನಾನು ನಿಂತು ಕೆಲಸ ಮಾಡಲ್ಲ.”

ಸ್ಟೂಲು ಎಳೆದುಕೊಂಡು ಕೂತಳು. ಒಳಗಿದ್ದ ಉಸಿರನ್ನೆಲ್ಲ ಹೊರಗೆ ಬಿಟ್ಟಳು, ಹೊಟ್ಟೆಯನ್ನು ಅದಕ್ಕೆ ಬೇಕಾದಷ್ಟು ಮುಂದೆ ಬರಲು ಬಿಟ್ಟಳು. ಕೋಣೆಯಲ್ಲಿದ್ದವರೆಲ್ಲ ಕಿವಿಗೊಟ್ಟು ಕಾದರು. ಯಾವ ಗುಂಡಿಯೂ ಸದ್ದು ಮಾಡಲಿಲ್ಲ. ಮೇಲಿನ ಶೆಲ್ಫಿನ ಬಾಟಲಿಗೆ ಕೈ ಚಾಚಿದಳು, ಕೆಳಗಿನ ಡ್ರಾಯರಿಗೆ ಬಗ್ಗಿದಳು, ಬಲಕ್ಕೆ ತಿರುಗಿದಳು. ಬಗ್ಗಿದಾಗ ಭುಜದ ಹಿಂದೆ ಸ್ವಲ್ಪ ಬಿಗಿಯಿತು. ಅದನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡಳು, ಮುಂದಿನ ಸಲಕ್ಕೆ ಒಂದು ಸೆಂಟಿಮೀಟರ್.

“ಹಾಗಾದರೆ ಕೌಂಟರಿಗೆ ಬೇರೆ ಯಾರನ್ನಾದರೂ ನೋಡಬೇಕು,” ಎಂದು ಅಧಿಕಾರಿ ತನಗೆ ತಾನೇ ಹೇಳಿಕೊಂಡ.

ಪಾಯಿಂಟಕ್ಕ ಆ ಹೊತ್ತಿಗಾಗಲೇ ಗಾಜಿನ ಕೊಳವೆಗೆ ದ್ರಾವಣ ತುಂಬಿ, ಮೂರನೇ ತೊಟ್ಟಿಯ ನೀರನ್ನು ಕೆಳಗಿಟ್ಟು, ಗೆರೆಯ ಮಟ್ಟಕ್ಕೆ ಕಣ್ಣು ತಂದಿದ್ದಳು. ಕೊಳವೆಯ ಹಿಂದೆ ಏನೋ ಕಪ್ಪಗೆ ಅಡ್ಡವಾಗಿತ್ತು.

“ಸ್ವಲ್ಪ ಪಕ್ಕಕ್ಕೆ ಬನ್ನಿ ಸಾರ್,”  ಅಂದಳು, ತಲೆಯೆತ್ತದೆ. “ಬೆಳಕಿಗೆ ಅಡ್ಡ ನಿಂತಿದ್ದೀರಿ.”